ಹಲ್ಲಿಮಾವನ ಲೊಚ್

ಕವಿಗೋಷ್ಠಿ ನಡೆಯುವ ಸಭಾಂಗಣದ ಗೋಡೆಯ ಮೇಲೆ ಹಲ್ಲಿಮಾವನ ದರ್ಬಾರು. ಯಾರು ಏನು ಓದಿದರೂ ಮಾವ "ಲೊಚ್ ಲೊಚ್" ಎನ್ನುತ್ತಿದ್ದ. ಹಲ್ಲಿ ಲೊಚಗುಟ್ಟಿದರೆ ಆಡಿದ ಮಾತು ನಿಜವೆಂದು ನಂಬಿದ ಕವಿಗಳು "ಕೃಷ್ಣ ಕೃಷ್ಣ" ಎಂದು ನೆಲ ಕುಟ್ಟಿ ಹಿಗ್ಗುತ್ತಿದ್ದರು. ತನ್ನ ಲೊಚ್ ಬೀಳದೆ ಮಹಾಕಾವ್ಯಕ್ಕೂ ಉಸಿರಿಲ್ಲವೆಂದು ಮಾವ ಇಲ್ಲದ ಮೀಸೆ ತಿರುವುತ್ತಿದ್ದ.

ಒಂದು ಬೆಳಗ್ಗೆ ಮೂಲೆಯ ಜೇಡಮ್ಮ ಹೊಟ್ಟೆ ಹಿಡಿದುಕೊಂಡು ಬಂದಳು. "ಮಾವಾ, ನಿನ್ನೆ ನನ್ನ ಬಲೆಗೂ ಲೊಚ್ ಅಂದಿರಲ್ಲ, ಒಂದೇ ನೊಣಕ್ಕೆ ಕಳಚಿಬಿತ್ತು. ಉಪವಾಸ ಮಲಗಿದೆ. ಇವತ್ತಿನ ಬಲೆ ಹೇಗಿದೆ?"

"ಲೊಚ್..."

"ಸಾಕು! ನೋಡದೆ ಹೊಗಳಿದರೆ ನನ್ನ ಹೊಟ್ಟೆ ತುಂಬೀತೇ? ಎಲ್ಲಿ ಚೆನ್ನ, ಎಲ್ಲಿ ಸಡಿಲ, ಅದನ್ನು ಹೇಳಿ."

ಮಾವ ತಬ್ಬಿಬ್ಬಾದ. ಬಾಯಿ ಮುಚ್ಚಿ, ಜೀವಮಾನದಲ್ಲೇ ಮೊದಲ ಸಲ ಎಳೆ ಎಳೆಯಾಗಿ ನೋಡಿದ. "ನಡುವಿನ ಸುತ್ತು ಸೊಗಸು ಕಣಮ್ಮ. ಆದರೆ ಮೇಲಿನ ಎಳೆಯನ್ನು ಉದುರುವ ಸುಣ್ಣಕ್ಕೆ ಅಂಟಿಸಿದ್ದೀಯ. ಕಿಟಕಿಯ ಮರಕ್ಕೆ ಕಟ್ಟು."

ಜೇಡಮ್ಮ ಹಾಗೇ ಕಟ್ಟಿದಳು. ಮಧ್ಯಾಹ್ನ ದಪ್ಪ ನೊಣವೊಂದು ಬಂದು ಬಿತ್ತು. ಬಲೆ ತೂಗಾಡಿತು, ಕಳಚಲಿಲ್ಲ.

ಮಾವ ಬಾಲ ಎತ್ತಿ ಸಾರಿದ: "ನೋಡಿದೆಯಾ? ನನ್ನಂಥ ವಿಮರ್ಶಕ ಹದಿನಾಲ್ಕು ಲೋಕದಲ್ಲೂ ಇಲ್ಲ!"

ಬಾಯಿ ತುಂಬ ನೊಣ ಇಟ್ಟುಕೊಂಡೇ ಜೇಡಮ್ಮ ಅಂದಳು: "ಲೊಚ್ ಲೊಚ್."