ಬಿರುಕು ಮಲಗಿದ ಜಾಗ

ಪ್ಲೈವುಡ್ ಪ್ರೆಸ್ಸಿನ ಉಕ್ಕಿನ ಬೆಲ್ಟಿಗೆ ಅಂಚಿನಲ್ಲಿ ಕೂದಲೆಳೆಯಷ್ಟು ಬಿರುಕು ಬಂತು. ಬೆಲ್ಟು ಸುತ್ತಿದಂತೆಲ್ಲ ಅದು ಕನಸಿನಲ್ಲಿ ನಡೆದಂತೆ ಮೆಲ್ಲಮೆಲ್ಲಗೆ ಒಳಗೆ ಸಾಗುತ್ತಿತ್ತು.

ಫಿಟ್ಟರ್ ಲಾಜರ್ ಯಂತ್ರ ನಿಲ್ಲಿಸಿ, ಬಿರುಕು ಮುಂದೆ ಸಾಗದಂತೆ ಅದರ ತುದಿಗೆ ಡ್ರಿಲ್ ಹಿಡಿದ.

"ಬಿರುಕು ಯಾರಿಗೂ ಕಾಣದು, ತೂತು ಎಲ್ಲರಿಗೂ ಕಾಣುತ್ತದೆ. ಕನ್ನಡಿಯಂಥ ನನ್ನ ಮಾನ ಕಳೆಯಬೇಡ," ಎಂದಿತು ಬೆಲ್ಟು.

"ಮಾನ ಉಳಿಸಿಕೊಂಡು ಎರಡು ತುಂಡಾಗುತ್ತೀಯಾ?" ಎನ್ನುತ್ತ ಲಾಜರ್ ದುಂಡನೆಯ ತೂತು ಕೊರೆದ.

ಬಿರುಕು ತೂತನ್ನು ಕೇಳಿತು: "ಮುಂದಕ್ಕೆ ದಾರಿ ಎಲ್ಲಿ?"

"ನಾನು ದುಂಡಗಿದ್ದೇನೆ. ಹೊರಡಲು ನನ್ನಲ್ಲಿ ಮೂಲೆಯೇ ಇಲ್ಲ. ಕೂತುಕೋ."

ಬಿರುಕು ತೂತಿನ ಅಂಚು ಹಿಡಿದು ಸುತ್ತಿ ಸುತ್ತಿ, ಅಲ್ಲೇ ನಿದ್ದೆಹೋಯಿತು.

ವರ್ಷಗಳು ಕಳೆದವು. ಪಕ್ಕದ ಪ್ರೆಸ್ಸಿಗೆ ಬಂದ ಹೊಸ ಬೆಲ್ಟು, "ಅಯ್ಯೋ, ನಿನ್ನಲ್ಲಿ ತೂತಿದೆ," ಎಂದು ನಕ್ಕಿತು.

"ಮೆಲ್ಲಗೆ ಮಾತಾಡು," ಎಂದಿತು ಹಳೆಯದು, "ಅಲ್ಲೊಬ್ಬರು ಮಲಗಿದ್ದಾರೆ."