ಗಾಣದ ಮನೆಯ ಮಡಕೆ

ಎರಡರ ಮನೆ ಬಾಗಿಲು ತಟ್ಟಿದರೆ ಎಂಟು ಇಣುಕುತ್ತೆ. ಎಂಟರ ಮನೇಲಿ ಎರಡು. ಮೂರರ ಮನೇಲಿ ಏಳು, ಏಳರ ಮನೇಲಿ ಮೂರು. ಉಳಿದವರು ಅವರವರ ಮನೇಲೇ. ಯಾವ ಊರಿದು? ತಲೆ ಕೆರ್ಕೊಳ್ಳಿ, ಗೊತ್ತಾಗಲ್ಲ.

ಪಾಳುಬಿದ್ದ ಗಾಣದ ಮನೇಲಿ ಮಂತ್ರವಾದಿ ಮಂಕಾಳಯ್ಯ ಕರಿಬಟ್ಟೆ ಮುಚ್ಚಿದ ಮಡಕೆ ಇಟ್ಟಿದ್ದ, ಒಳಗೆ ಮನಸ್ಸು ಓದೋ ದೆವ್ವ ಇದೆ ಅಂತಿದ್ದ. ಜನ ನೂರರೊಳಗಿನ ಒಂದು ಸಂಖ್ಯೆ ನೆನೆದು ಅದರ ಘನ ಹೇಳಬೇಕು, ಅಂದರೆ ಅದನ್ನೇ ಮೂರು ಸಲ ಇಟ್ಟು ಗುಣಿಸಿದ್ದು. ಅವನು ಮಡಕೆಗೆ ಕಿವಿಯಿಟ್ಟು, ನೆನೆದದ್ದನ್ನು ಹೇಳಿಬಿಡುತ್ತಿದ್ದ. ಕೇಳಿದವರ ಬೆನ್ನಲ್ಲಿ ಚಳಿ ಹರಿಯುತ್ತಿತ್ತು.

ಒಂದು ಮುಸ್ಸಂಜೆ ಬಟ್ಟೆ ಒಗೆಯುವ ಹೆಂಗಸಿಗೆ ಅಂದ: "ದೆವ್ವಕ್ಕೆ ನಿನ್ನ ಮೇಕೆ ಬಲಿ ಬೇಕಂತೆ. ಕೊಡದಿದ್ರೆ ನಿನ್ನನ್ನೇ ಕೇಳುತ್ತೆ."

ಅವಳು ದಿನಾ ಮೂಲೇಲಿ ಕೂತು ಒಂದನ್ನು ಗಮನಿಸಿದ್ದಳು. ಘನದ ಬಾಲ, ಅಂದರೆ ಕೊನೆಯ ಅಂಕಿ, ಎಂಟಾದರೆ ದೆವ್ವದ ಉತ್ತರದ ಬಾಲ ಎರಡು. ಏಳಾದರೆ ಮೂರು. ಅದೇ ಆ ಊರು! ಹತ್ತರ ಅಂಕಿಗೆ ಸಾವಿರ ಎಷ್ಟಿದೆ ಅಂತ ನೋಡಿದರೆ ಸಾಕು. ಮನಸ್ಸು ಓದೋ ದೆವ್ವಕ್ಕೆ ಬಾಲ ಯಾಕೆ?

"ನನ್ನ ಮನಸ್ಸನ್ನೂ ಓದಲಿ ಸ್ವಾಮಿ, ಮೇಕೆ ತರ್ತೀನಿ. ಘನ ಬಂದಿದ್ದು ಸಾವಿರದ ಏಳ್ನೂರ ಮೂವತ್ತೆಂಟು."

ಮಂಕಾಳಯ್ಯ ಕಣ್ಣು ಮೇಲೆ ಮಾಡಿದ. "ಹನ್ನೆರಡು!"

"ಅಯ್ಯೋ, ನಾನೇನೂ ನೆನೆದೇ ಇಲ್ಲ. ಬಾಯಿಗೆ ಬಂದದ್ದಕ್ಕೆ ಎಂಟರ ಬಾಲ ಕಟ್ಟಿದೆ. ಇಲ್ಲದ್ದನ್ನ ಹೇಗೆ ಓದಿತು?"

ಸುತ್ತ ಕೂತಿದ್ದವರಲ್ಲಿ ಯಾರೋ ಗೋಡೆ ಮೇಲೆ ಇದ್ದಿಲಲ್ಲಿ ಹನ್ನೆರಡರ ಘನ ಗುಣಿಸಿದರು. ಅವಳು ಹೇಳಿದ್ದಕ್ಕಿಂತ ಹತ್ತು ಕಮ್ಮಿ ಬಂತು. ಎಲ್ಲರೂ ಅವನತ್ತ ತಿರುಗಿದರು.

ಆಗ ಕರಿಬಟ್ಟೆ ಮೆಲ್ಲಗೆ ಉಬ್ಬಿತು. ಒಳಗಿಂದ ಒದ್ದೆ ದನಿ: "ಮಂಕಾಳಯ್ಯಾ, ನಾನು ಯಾವತ್ತು ನಿನ್ನ ಹತ್ರ ಮಾತಾಡಿದ್ದೋ?"

ಅವನು ಪಂಚೆ ಬಿಟ್ಟು ಓಡಿದ. ಮೇಕೆ ಉಳೀತು.

ಮಡಕೆ ಮಾತಾಡಿದ್ದು ಮಾತ್ರ ನಾನು ಹೊಸೆದದ್ದು. ಹಾಗಂತ ಆ ಬಟ್ಟೆ ಎತ್ತಿ ನೋಡೋಕೆ ನನ್ನನ್ನ ಕಳಿಸಬೇಡಿ.