ಇಂದುಮತಿಯ ಎಂಟು ಗಂಟೆ

ವರದಾ ನದಿಯ ದಂಡೆಯ ಆಶ್ರಮದಲ್ಲಿ ಭಾರ್ಗವನೆಂಬ ಶಿಷ್ಯನಿದ್ದ. ದೂರದೇಶದವರು ಗುರುಗಳೊಡನೆ ಮಾತಾಡಲು ಸಮಯ ಕಾದಿರಿಸುವ ವೆಬ್‌ಸೈಟು ಅವನದೇ ಕೆಲಸ. ಲೆಕ್ಕದಲ್ಲಿ ಗಟ್ಟಿಗ. ಅದು ಅವನಿಗೂ ಚೆನ್ನಾಗಿ ಗೊತ್ತಿತ್ತು, ಅದೇ ತೊಂದರೆ.

ಟೊರಾಂಟೊದ ಇಂದುಮತಿ ಅಕ್ಟೋಬರಿನಲ್ಲೇ ನವೆಂಬರಿನ ಒಂದು ದಿನ ಕೇಳಿದ್ದರು, ತಮ್ಮ ಬೆಳಗಿನ ಎಂಟು ಗಂಟೆಗೆ. ಅದರ ಮರುದಿನ ಅವರಿಗೆ ಗಂಟಲಿನ ಶಸ್ತ್ರಚಿಕಿತ್ಸೆ. ಆಮೇಲೆ ದನಿ ಉಳಿಯುತ್ತದೆಂದು ವೈದ್ಯರು ಭರವಸೆ ಕೊಟ್ಟಿರಲಿಲ್ಲ. ಚಿಕ್ಕಂದಿನಲ್ಲಿ ಗುರುಗಳು ಕಲಿಸಿದ್ದ ಸ್ತೋತ್ರವನ್ನು ಕೊನೆಗೊಮ್ಮೆ ಅವರಿಗೇ ಒಪ್ಪಿಸಬೇಕೆಂಬುದು ಆಕೆಯ ಆಸೆ.

ಆ ದಿನ ಸಂಜೆ ಐದೂವರೆಗೆ ಗುರುಗಳು ಪರದೆಯ ಮುಂದೆ ಕೂತರು. ಯಾರೂ ಬರಲಿಲ್ಲ.

ಆರಾಯಿತು. ಭಾರ್ಗವ ಚಡಪಡಿಸಿದ. "ಆಕೆ ಬರೋ ಹಾಗೆ ಕಾಣಲ್ಲ ಗುರುಗಳೇ. ಸಂಧ್ಯಾವಂದನೆಗೆ ಹೊತ್ತಾಯ್ತು. ಮುಚ್ಚಿಬಿಡ್ಲಾ?"

"ತೆರೆದಿರಲಿ."

"ಅಲ್ಲಿ ಎಂಟು ಅಂದ್ರೆ ಇಲ್ಲಿ ಐದೂವರೆ. ನನ್ನ ಲೆಕ್ಕ ತಪ್ಪಲ್ಲ."

"ಅವಳು ಪಾಠ ತಪ್ಪಿಸಿಕೊಂಡವಳಲ್ಲ. ನಾನು ಕೂತಿರ್ತೀನಿ."

ಸರಿಯಾಗಿ ಆರೂವರೆಗೆ ಇಂದುಮತಿ ಪರದೆಯಲ್ಲಿ ಕಾಣಿಸಿಕೊಂಡರು. "ಎಂಟಾಯ್ತಲ್ಲ, ನಮಸ್ಕಾರ ಗುರುಗಳೇ. ಭಾನುವಾರ ಇಲ್ಲಿ ಚಳಿಗಾಲಕ್ಕೆ ಅಂತ ಗಡಿಯಾರಾನೆಲ್ಲ ಒಂದು ಗಂಟೆ ಹಿಂದಿಟ್ರು. ನನಗಿನ್ನೂ ಬೇಗ ಎಚ್ಚರ ಆಗಿಬಿಡುತ್ತೆ."

ಭಾರ್ಗವನ ಮುಖ ಬಿಳಿಚಿಕೊಂಡಿತು.

ಆಕೆ ಸ್ತೋತ್ರವನ್ನು ಮೊದಲಿಂದ ಕೊನೆಯವರೆಗೆ ಹೇಳಿದರು. ಎರಡು ಕಡೆ ದನಿ ಒಡೆಯಿತು. ಗುರುಗಳು ತಿದ್ದಲಿಲ್ಲ.

"ಒಪ್ಪಿಸಿಬಿಟ್ಟೆ. ಇನ್ನು ದನಿ ಹೋದ್ರೂ ಹೋಗಲಿ" ಎಂದು ಕೈಮುಗಿದು ಅತ್ತರು. ಗುರುಗಳ ಕಣ್ಣೂ ತೇವವಾಗಿತ್ತು.

ಪರದೆ ಆರಿದ ಮೇಲೆ ಭಾರ್ಗವ ಗುರುಗಳ ಕಾಲು ಹಿಡಿದ. "ನೀವು ನನ್ನ ಮಾತು ಕೇಳಿ ಎದ್ದಿದ್ರೆ ಏನು ಗತಿ? ನಿಮ್ಮ ಉಪಕಾರ ಮರೆಯಲ್ಲ."

"ಅವಳು ಸಮಯ ಕೇಳಿದಾಗ ಏನಂತ ಬರೆದಿಟ್ಟುಕೊಂಡೆ?"

"ಇಲ್ಲಿಗಿಂತ ಒಂಬತ್ತೂವರೆ ಗಂಟೆ ಹಿಂದೆ ಅಂತ."

"ಊರು?"

"ಬರೆದಿಲ್ಲ. ಲೆಕ್ಕ ಸಿಕ್ಕಮೇಲೆ ಊರು ಯಾಕೆ ಅಂದುಕೊಂಡೆ."

"ಗಡಿಯಾರ ಹಿಂದೆ ಮುಂದೆ ಮಾಡೋರು ಆ ಊರಿನವರು, ನೀನಲ್ಲ. ಊರಿನ ಹೆಸರು ಬರೆದಿಡು. ಆ ದಿನ ಅಲ್ಲಿ ಎಂಟು ಯಾವಾಗ ಆಗುತ್ತೆ ಅಂತ ಆ ಊರಿನ ಗಡಿಯಾರವನ್ನೇ ಕೇಳು."

"ನಾಳೆ ಬೆಳಿಗ್ಗೆನೇ ವೆಬ್‌ಸೈಟು ತಿದ್ದುತ್ತೀನಿ. ನಿಮ್ಮನ್ನ ಒಂದು ಗಂಟೆ ಕಾಯಿಸಿದೆ, ಕ್ಷಮಿಸಿ."

ಗುರುಗಳು ಅವನ ತಲೆ ನೇವರಿಸಿದರು. "ನಾಳೆ ಬೇಡ, ಈಗಲೇ ಕೂತ್ಕೋ. ಈ ಸಲ ಕಾದವನು ನಾನು, ಅದು ನನ್ನ ಪುಣ್ಯ. ಮಾರ್ಚ್‌ನಲ್ಲಿ ಅವರು ಗಡಿಯಾರ ಮುಂದಿಡ್ತಾರೆ. ಈ ಚಳಿಗಾಲದಲ್ಲಿ ಸಮಯ ಕೇಳಿಟ್ಟವರು ಆಗ ನಿನ್ನ ಲೆಕ್ಕಕ್ಕಿಂತ ಒಂದು ಗಂಟೆ ಮೊದಲೇ ಬರ್ತಾರೆ, ಖಾಲಿ ಪರದೆ ಮುಂದೆ ಕಾಯೋರು ಅವರು."